ನುವರಕ್ಕೆ ನಾಲ್ವರು

ಜೂನ್ 3, ಸೋಮವಾರ

ಹೋಗುವುದು ನಿಶ್ಚಯವಾಯಿತು. ನುವರಕ್ಕೆ. ಬಸ್ಸಿನ ಬೋರ್ಡಿನಲ್ಲಿ ಕ್ಯಾಂಡಿ ಎಂದು ಬರೆದಿರುತ್ತಾರೆ, ಆದರೆ ನಮ್ಮ ಅಂಬಲಂಗೊಡದಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ನುವರ ಅಂದರೆ ನಗರ. ಈ ದ್ವೀಪದಲ್ಲಿ ಬೇರೆ ನಗರವೇ ಇಲ್ಲವೇನೋ ಎಂಬಂತೆ. ಎರಡು ರಾತ್ರಿ, ಮೂರು ಹಗಲು. ನನಗೆ ಹತ್ತೊಂಬತ್ತು ತುಂಬಿತು, ಸಮುದ್ರದ ಬದಿ ಬಿಟ್ಟು ಬೆಟ್ಟ ಹತ್ತಿದ್ದು ಒಂದೇ ಸಲ. ಅದೂ ಶಾಲೆಯ ಪ್ರವಾಸದಲ್ಲಿ, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು.

ಈ ಸಲ ಏನೇನು ಮಾಡಬೇಕೆಂದು ಯೋಚಿಸಿದ್ದೇನೆ. ಕೆರೆಯ ಸುತ್ತ ಒಬ್ಬಳೇ ನಡೆಯಬೇಕು. ಕುಣಿತದವರು ಕೆಂಡದ ಮೇಲೆ ನಡೆಯುವುದನ್ನು ನೋಡಬೇಕು. ಚಿತ್ರಕಾರರು ತಮ್ಮ ಚಿತ್ರಗಳನ್ನು ಗೋಡೆಗೆ ತೂಗುಹಾಕಿ ಅದರ ಕೆಳಗೇ ಕಾಫಿ ಕುಡಿಯುತ್ತ ಕೂರುವ ಹೋಟೆಲು ಒಂದಿದೆಯಂತೆ. ಅಲ್ಲಿ ಕೂತು ಯಾರ ಜೊತೆಯಾದರೂ ಜಗಳವಾಡಬೇಕು. ಹಿತ್ತಾಳೆ ದೀಪ ಮಾಡುವವರ ಬೀದಿ ನೋಡಬೇಕು. ಆಮೇಲೆ ಮಂಜು. ಇಲ್ಲಿ ನನ್ನನ್ನು ನೋಡುತ್ತಿರುವುದು ಗೋಡೆಯ ಮೇಲಿನ ಮೂವತ್ತು ರಾಕ್ಷಸರು ಮಾತ್ರ. ಅಪ್ಪಚ್ಚಿ, ಅಂದರೆ ನಮ್ಮಪ್ಪ, ಮುಖವಾಡ ಕೆತ್ತುತ್ತಾರೆ, ಅವರಪ್ಪನೂ ಅದನ್ನೇ ಕೆತ್ತಿದರು. ನಮ್ಮ ಮನೆಯಲ್ಲಿ ಹೆಂಗಸರು ಬಣ್ಣ ಹಚ್ಚಬಹುದು, ಉಳಿ ಮುಟ್ಟುವಂತಿಲ್ಲ. ನಾನು ಹಚ್ಚುತ್ತೇನೆ, ಆಕಳಿಸುತ್ತ.

ಬುದ್ಧನ ಹಲ್ಲಿರುವ ದಂತಮಂದಿರಕ್ಕೆ ಹೂ ಅರ್ಪಿಸುವುದು ನೆಪ. ಹುಡುಗಿ ನೋಡುವುದು ನಿಜ. ಇಸುರು ಅಯ್ಯ ನನ್ನ ಒಬ್ಬನೇ ಅಣ್ಣ, ನನಗಿಂತ ಏಳು ವರ್ಷ ದೊಡ್ಡವನು. ಹೋದ ವರ್ಷ ಕೊಳಂಬೊದ ಕರಕುಶಲ ಮೇಳದಲ್ಲಿ ಅವನ ಪಕ್ಕದ ಮಳಿಗೆ ನುವರದ ಆ ಹುಡುಗಿ ರುವಿನಿಯ ಅಪ್ಪನದು. ಅವರು ಅರಗಿನ ಕೆಲಸದವರು. ಊರುಗೋಲು, ಡಬ್ಬಿ, ಬೀಸಣಿಗೆಯ ಹಿಡಿಗೆಲ್ಲ ಬಣ್ಣದ ಅರಗು ಕೂರಿಸುವವರು. ಮೇಳ ಐದು ದಿನ ನಡೆಯಿತು. ಅಯ್ಯ ಒಂದು ಮುಖವಾಡವನ್ನೂ ಮಾರಲಿಲ್ಲ, ಮೂರು ಊರುಗೋಲು ಕೊಂಡು ತಂದ. ಆಗಲೇ ನಮಗೆ ಗೊತ್ತಾಗಬೇಕಿತ್ತು.

ಅಪ್ಪಚ್ಚಿ, ಅಮ್ಮ, ಅಯ್ಯ ಸೇರಿದರೆ ಮೂವರು. ಶುಭಕಾರ್ಯಕ್ಕೆ ಮೂವರು ಹೊರಡಬಾರದು. ನಾಲ್ಕನೆಯವರಾಗಬೇಕಿದ್ದ ಎಡ್ವಿನ್ ಮಾಮನಿಗೆ ಮಂಡಿನೋವು. ಹೀಗಾಗಿ ನನಗೆ ಸೀಟು ಸಿಕ್ಕಿತು.

"ನೀನು ಬರ್ತಿರೋದು ಲೆಕ್ಕಕ್ಕೆ, ಮಾತಿಗಲ್ಲ" ಅಂದಳು ಅಮ್ಮ. "ಟೀ ಕೊಟ್ರೆ ಕುಡಿ. ಏನಾದ್ರೂ ಕೇಳಿದ್ರೆ ನಗು."

ಜೂನ್ 5, ಬುಧವಾರ

ಅಯ್ಯ ನನ್ನನ್ನು ಬಾವಿಯ ಹಿಂದಕ್ಕೆ ಕರೆದುಕೊಂಡು ಹೋದ.

"ತಂಗಿ, ಒಂದು ವಿಷಯ. ಅಪ್ಪಚ್ಚಿಗೆ ಹೇಳಬಾರದು."

"ಕೇಳಿದ್ರೆ?"

"ಕೇಳಲ್ಲ."

"ಕೇಳಿದ್ರೆ ಹೇಳ್ತೀನಿ."

"ಸುಳ್ಳು ಹೇಳು ಅಂತ ನಾನು ಹೇಳ್ತಾ ಇಲ್ವಲ್ಲ. ಸುಮ್ನಿರು ಅಂತಿದೀನಿ. ಎರಡೂ ಬೇರೆ."

ಬೇರೆಯೇ ಎಂದು ಅರ್ಧ ದಿನ ಯೋಚಿಸಿದೆ. ಸ್ವಲ್ಪ ಬೇರೆ.

ವಿಷಯ ಇಷ್ಟು. ರುವಿನಿ ಒಬ್ಬಳೇ ಮಗಳು. ಅವರಿಗೆ ಬಿನ್ನ ಬರುವ ಅಳಿಯ ಬೇಕು. ಬಿನ್ನ ಅಂದರೆ ಮನೆಯಳಿಯ. ಅವಳು ಇಲ್ಲಿಗೆ ಬರುವುದಿಲ್ಲ, ಇವನೇ ಅಲ್ಲಿಗೆ ಹೋಗಿ ಇರಬೇಕು. ಬೆಟ್ಟದ ಮೇಲಿನವರಿಗೆ ಅದು ತಾತಂದಿರ ಕಾಲದ ಕ್ರಮ. ನಮ್ಮ ಕರಾವಳಿಯಲ್ಲಿ ಅದು ನಗೆಮಾತು. ಅಪ್ಪಚ್ಚಿಯ ಕೆಲಸಕ್ಕೆ ಕೈಯಾಗಿರುವವನು ಅಯ್ಯ ಒಬ್ಬನೇ. ಅವನು ಹೋದರೆ ಆ ಬೆಂಚಿನ ಮುಂದೆ ಅಪ್ಪಚ್ಚಿ ಒಬ್ಬರೇ. ಇದು ಗೊತ್ತಾದರೆ ಅವರು ನುವರದ ಹಾದಿಯನ್ನೇ ಹಿಡಿಯುವುದಿಲ್ಲ. ಅಪ್ಪ ಬರದ ಮದುವೆ ಮಾತಿಗೆ ಆ ಕಡೆಯವರು ಬಾಗಿಲು ತೆಗೆಯುವುದಿಲ್ಲ.

ಮಧ್ಯಾಹ್ನ ಎಡ್ವಿನ್ ಮಾಮ ಬಂದರು. ಅಮ್ಮನ ಅಣ್ಣ. ಮೂವತ್ತು ವರ್ಷ ಗಾಲೆಯ ಬಸ್ಸು ಓಡಿಸಿದವರಾದ್ದರಿಂದ ಗುಟ್ಟನ್ನೂ ಎಂಜಿನ್ನಿನ ಸದ್ದಿಗಿಂತ ಎತ್ತರದಲ್ಲೇ ಹೇಳುತ್ತಾರೆ. ಅಮ್ಮನಿಗೂ ಅಯ್ಯ ಹೇಳಿದ್ದ; ಅವಳು ಅಡುಗೆಮನೆಯಲ್ಲಿ ಮಾಮನಿಗೆ ಬಿನ್ನದ ಸಂಗತಿ ಪಿಸುಗುಟ್ಟಿದಳು.

"ಬಿನ್ನ ಹೋದೋನು ಬಾಗಿಲ ಹಿಂದೆ ಮೂರು ಸಾಮಾನು ತಯಾರಿಟ್ಕೋಬೇಕು ಅಂತ ಹಿರೀಕರು ಹೇಳ್ತಿದ್ರು" ಅಂದರು ಮಾಮ. "ನಡೆಯೋಕೆ ಊರುಗೋಲು, ಮಳೆಗೆ ತಾಳೆಗರಿ, ಕತ್ತಲಿಗೆ ಪಂಜು. ಹೆಂಡ್ತಿ ಮನೆಯೋರು ಯಾವತ್ತು ಹೊರಡು ಅಂತಾರೋ ಯಾರಿಗೆ ಗೊತ್ತು."

"ಮೆತ್ತಗೆ. ಅವರಿಗೆ ಕೇಳುತ್ತೆ."

"ಇವನ ಮಾವ ಊರುಗೋಲು ಮಾಡೋನೇ ತಾನೆ. ಮೂರರಲ್ಲಿ ಒಂದಕ್ಕಾದ್ರೂ ಒಳ್ಳೆ ಬಣ್ಣ ಇರುತ್ತೆ ಬಿಡು."

ಗೋಡೆಯ ಆಚೆ ಅಪ್ಪಚ್ಚಿಯ ಉಳಿಯ ಸದ್ದು ಸ್ವಲ್ಪ ಹೊತ್ತು ನಿಂತಿತ್ತು. ಮಸೆದುಕೊಳ್ಳುತ್ತಿದ್ದರೇನೋ.

ಜೂನ್ 9, ಭಾನುವಾರ

ಈಗ ಮನೆಯಲ್ಲಿ ಯಾರೂ ನನ್ನನ್ನು ಏನೂ ಕೇಳುವುದಿಲ್ಲ, ಕೇಳಿದರೆ ನಿಜ ಹೊರಬೀಳುತ್ತದೆಂದು. ಅಮ್ಮ ಮೀನಿನ ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ಸಹ ಕೇಳಲಿಲ್ಲ. ಸರಿಯಾಗಿರಲಿಲ್ಲ.

ತಪ್ಪು ನನ್ನದೆನ್ನುತ್ತಾರೆ. ಎರಡು ವರ್ಷದ ಹಿಂದೆ ಶಾಲೆಯ ಪ್ರದರ್ಶನದಲ್ಲಿ ಟೀಚರು ನನ್ನ ಹೆಸರು ಬರೆದು ಒಂದು ಮುಖವಾಡ ಇಟ್ಟಿದ್ದರು. ಬಂದ ದೊಡ್ಡ ಮನುಷ್ಯರು ಬೆನ್ನು ತಟ್ಟಿ, ಎಷ್ಟು ದಿನ ಹಿಡಿಯಿತು ಮಗಳೇ ಅಂದರು. ನನಗೆ ಒಂದು ದಿನವೂ ಹಿಡಿದಿಲ್ಲ, ಕೆತ್ತಿದ್ದು ನಮ್ಮಪ್ಪ ಅಂದೆ. ಟೀಚರು ಕ್ಷಮೆ ಕೇಳು ಅಂದರು. ನಿಜಕ್ಕೆ ಹೇಗೆ ಕ್ಷಮೆ ಕೇಳುವುದೋ ನನಗೆ ಗೊತ್ತಾಗಲಿಲ್ಲ. ಮರುದಿನದಿಂದ ಹೋಗಲಿಲ್ಲ. ಅವರು ಓಡಿಸಿದ್ದಲ್ಲ, ನಾನೇ ಬಿಟ್ಟದ್ದು. ಅದನ್ನೂ ಎಲ್ಲರಿಗೂ ಹೇಳುತ್ತೇನೆ.

ರಾತ್ರಿ ಊಟಕ್ಕೆ ಕೂತಾಗ ಅಪ್ಪಚ್ಚಿ ಶುರುಮಾಡಿದರು.

"ಮಗಳೇ, ಆ ನುವರದ ಮನೆಯೋರು..."

ಅಯ್ಯನ ತುತ್ತು ಬಾಯಿಯ ಹತ್ತಿರ ನಿಂತಿತು. ಅಮ್ಮ ಕೆಮ್ಮಿದಳು.

"ಏನಪ್ಪಚ್ಚಿ?"

ನನ್ನನ್ನು ನೋಡಿದರು.

"ಹಸಿರು ಬಣ್ಣ ಇದೆಯಾ, ಮುಗೀತಾ?"

"ಅರ್ಧ ಡಬ್ಬಿ ಇದೆ."

ಅದು ನಿಜ.

ಜೂನ್ 10, ಸೋಮವಾರ

ಏನೂ ಆಗಲಿಲ್ಲ. ಆ ಕೆರೆ ಸುತ್ತಲು ಎಷ್ಟು ಹೊತ್ತು ಬೇಕೋ ಯಾರನ್ನಾದರೂ ಕೇಳಬೇಕು.

ಜೂನ್ 12, ಬುಧವಾರ

ಬರಿಗೈಯಲ್ಲಿ ಹೋಗುವಂತಿಲ್ಲ. ಮುಖವಾಡದ ಮನೆಯವರು ಮುಖವಾಡವನ್ನೇ ಒಯ್ಯಬೇಕು. ಯಾವುದು ಅನ್ನುವುದರ ಮೇಲೆ ಬೆಳಿಗ್ಗೆಯಿಂದ ಯುದ್ಧ. ಅಪ್ಪಚ್ಚಿ ನಾಗರಾಕ್ಷಸ ಅಂದರು: ತಲೆಯ ಮೇಲೆ ಹೆಡೆ ಬಿಚ್ಚಿದ ಹಾವುಗಳು, ಕೋರೆಹಲ್ಲು, ಹೊರಗೆ ಚಾಚಿದ ನಾಲಿಗೆ.

"ಹುಡುಗಿ ನೋಡೋಕೆ ಹೋಗೋರು ಹಾವು ತಗೊಂಡು ಹೋಗ್ತಾರಾ?" ಅಂದಳು ಅಮ್ಮ.

"ಕೆಟ್ಟದ್ದು ಮನೆಯೊಳಗೆ ಬರದ ಹಾಗೆ ಕಾಯುತ್ತೆ."

"ಅವರ ಮನೆಯೊಳಗೆ ಈಗ ಬರ್ತಿರೋರು ನಾವೇ."

ಕೊನೆಗೆ ನವಿಲು ಎಂದಾಯಿತು. ನವಿಲಿನ ಮುಖವಾಡ ಇದ್ದ ಮನೆಯಲ್ಲಿ ಸಮಾಧಾನ ಇರುತ್ತದಂತೆ. ನಮ್ಮ ಗೋಡೆಯ ಮೇಲೆ ಮೂರಿವೆ. ಸಮಾಧಾನ ನಾನು ಕಂಡಿಲ್ಲ.

"ಇಸುರುನೇ ಕೆತ್ತಲಿ" ಅಂದರು ಅಪ್ಪಚ್ಚಿ. "ಅವನ ಅತ್ತೆ ಮನೆಗೆ ತಾನೆ."

ಜೂನ್ 17, ಸೋಮವಾರ

ಕದುರು ಮರದ ತುಂಡನ್ನು ಒಲೆಯ ಹೊಗೆಯಿಂದ ಇಳಿಸಿ ಮೂರು ದಿನವಾಯಿತು. ಮರದ ಹಾಲು ಆರಿದ ಮೇಲೆ ಅದು ಬೆಣ್ಣೆಯ ಹಾಗೆ ಉಳಿಗೆ ಬರುತ್ತದೆ. ಬಿಟ್ಟರೆ ಬಿರುಕು. ಅಯ್ಯ ಗಲ್ಲದ ಹತ್ತಿರ ನಾಲ್ಕು ಏಟು ಹಾಕಿ ಫೋನು ಹಿಡಿದು ಬಾವಿಯ ಹಿಂದೆ ಹೋದವನು ಬರಲೇ ಇಲ್ಲ. ದಿನವೂ ಇದೇ. ಬಾವಿಕಟ್ಟೆ ಸವೆದುಹೋಗುತ್ತದೆ.

ಅಪ್ಪಚ್ಚಿ ಮರ ನೋಡಲು ಬಲಪಿಟಿಯಕ್ಕೆ ಹೋಗಿದ್ದರು. ನವಿಲು ಮುಗಿಯದಿದ್ದರೆ ಪ್ರಯಾಣ ಮುಂದಕ್ಕೆ ಹೋಗುತ್ತದೆ, ನನ್ನ ಕೆರೆಯೂ ಹೋಗುತ್ತದೆ. ಅದಕ್ಕೇ ಅಯ್ಯನ ಉಳಿ ತೆಗೆದುಕೊಂಡೆ. ನೋಡಿ ನೋಡಿ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಮೊದಲ ಏಟು ಮರಕ್ಕೆ, ಎರಡನೆಯದು ನನ್ನ ಹೆಬ್ಬೆರಳಿಗೆ. ಮೂರನೆಯದಕ್ಕೆ ಒಂದು ಸಿಪ್ಪೆ ಸುರುಳಿ ಸುತ್ತಿಕೊಂಡು ಎದ್ದಿತು. ಎಷ್ಟು ಗಂಟೆಯಾಯಿತೋ, ಅಮ್ಮ ಊಟಕ್ಕೆ ಕರೆದದ್ದು ಕೇಳಿಸಲಿಲ್ಲ.

"ಯಾರಾದ್ರೂ ಕೇಳಿದ್ರೆ ಅಯ್ಯನೇ ಕೆತ್ತಿದ್ದು ಅನ್ನು" ಅಂದ ಅಯ್ಯ, ಬಂದು ನೋಡಿ.

"ಅನ್ನಲ್ಲ."

"ಹಾಗಾದ್ರೆ ಯಾರೂ ಕೇಳದೆ ಇರಲಿ."

ಜೂನ್ 18, ಮಂಗಳವಾರ

ಕೊಕ್ಕು. ನುವರದ ಬಗ್ಗೆ ಬರೆಯಬೇಕೆಂದಿದ್ದೆ, ಏನೆಂದು ಮರೆಯಿತು.

ಜೂನ್ 21, ಶುಕ್ರವಾರ, ಹುಣ್ಣಿಮೆ

ಹುಣ್ಣಿಮೆಯ ದಿನ ಮರಕ್ಕೆ ಗಾಯ ಮಾಡಬಾರದು. ಬಿಳಿ ಬಟ್ಟೆ ಉಟ್ಟು ವಿಹಾರದಲ್ಲಿ ಕೂತೆವು. ಭಿಕ್ಷುಗಳು ಮನಸ್ಸನ್ನು ಒಂದು ಕಡೆ ನಿಲ್ಲಿಸಿ ಅಂದರು. ನನ್ನದು ನಿಂತಿತ್ತು, ನವಿಲಿನ ಎಡಗಣ್ಣಿನ ಮೇಲೆ. ರೆಪ್ಪೆಯ ಅಂಚು ಅಷ್ಟು ದಪ್ಪ ಇರಬಾರದು.

ಹಿಂದಿರುಗುವಾಗ ಅಮ್ಮ ಜೋಯಿಸರನ್ನು ಕಂಡಳು. ಹೊರಡುವ ಮುಹೂರ್ತ ಇಪ್ಪತ್ತೇಳು, ಗುರುವಾರ, ಮಧ್ಯಾಹ್ನ ಎರಡು ಗಂಟೆ ನಲವತ್ಮೂರು ನಿಮಿಷ. ನಮ್ಮ ರೈಲು ಶುಕ್ರವಾರ ಬೆಳಿಗ್ಗೆ. ರೈಲಿನವರು ಜೋಯಿಸರನ್ನು ಕೇಳಿ ಸಮಯ ಇಟ್ಟಿಲ್ಲ. ಅದಕ್ಕೆ ಅಮ್ಮನ ಹತ್ತಿರ ಉಪಾಯವಿದೆ: ಮುಹೂರ್ತಕ್ಕೆ ಸರಿಯಾಗಿ ಚೀಲ ಹೊರಡುತ್ತದೆ, ಪಕ್ಕದ ಮನೆಯ ಮುದುಕಿ ಸೋಮಾವತಿ ಆಚ್ಚಿಯ ಜಗಲಿಯವರೆಗೆ. ನಾವು ಮರುದಿನ ಹೋಗಿ ಚೀಲವನ್ನು ಕೂಡಿಕೊಳ್ಳುತ್ತೇವೆ. ಗ್ರಹಗಳಿಗೆ ಇಷ್ಟು ಸಾಕಂತೆ.

ಜೂನ್ 24, ಸೋಮವಾರ

ಅಪ್ಪಚ್ಚಿ ನವಿಲನ್ನು ಬಾಗಿಲ ಬೆಳಕಿಗೆ ಎತ್ತಿ ಹಿಡಿದರು. ತಿರುಗಿಸಿದರು. ಹೆಬ್ಬೆರಳಿನಿಂದ ಎಡಗಣ್ಣು ಸವರಿದರು.

"ಇದು ಯಾರು ಕೆತ್ತಿದ್ದು?"

"ನಾನೇ" ಅಂದ ಅಯ್ಯ.

"ನಿನ್ನ ಕೇಳಲಿಲ್ಲ. ನಿಲುಕಾ?"

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕಣ್ಣು ಮುಚ್ಚಿಕೊಂಡಳು.

"ನಾನು. ಬಲಗಣ್ಣೂ. ಕೊಕ್ಕೂ, ಗರಿಗಳೂ. ಅಯ್ಯನದು ಗಲ್ಲ ಮಾತ್ರ."

"ಇವನೇನು ಮಾಡ್ತಿದ್ದ?"

"ಫೋನಲ್ಲಿದ್ದ."

ಅಪ್ಪಚ್ಚಿ ತಲೆಯಾಡಿಸಿದರು. ಇಷ್ಟಕ್ಕೇ ಬಿಡುತ್ತಾರೆ ಅಂದುಕೊಂಡೆ. ಬಿಡಲಿಲ್ಲ.

"ನುವರದಲ್ಲೇ ಉಳೀತಾನಾ ಇವನು?"

"ಹೂಂ."

ಮುಖವಾಡವನ್ನು ಬೆಂಚಿನ ಮೇಲೆ ಮೆಲ್ಲಗೆ ಇಟ್ಟರು. ಎಸೆದಿದ್ದರೆ ಚೆನ್ನಾಗಿತ್ತು.

"ನೀವು ಹೋಗಿಬನ್ನಿ. ನಾನು ಬರಲ್ಲ." ಹೊಸಿಲು ದಾಟುವಾಗ ತಿರುಗಿದರು. "ಎಡಗಣ್ಣು ಅರ್ಧ ನೂಲು ಮೇಲಿದೆ."

ಅಯ್ಯ ನನ್ನನ್ನು ಬಾವಿಯ ಹಿಂದಕ್ಕೆ ಕರೆಯಲಿಲ್ಲ, ಅಲ್ಲೇ ಬೈದ.

"ಇನ್ನು ಮೂರು ದಿನ. ಮೂರು ದಿನ ಬಾಯಿ ಮುಚ್ಚೋಕೆ ಆಗಲಿಲ್ವಾ ನಿನಗೆ?"

"ಕೇಳಿದ್ರು."

"ಗೊತ್ತಿಲ್ಲ ಅನ್ನಬಹುದಿತ್ತು."

"ಗೊತ್ತಿತ್ತಲ್ಲ."

ಅವನ ಕಣ್ಣಲ್ಲಿ ನೀರಿತ್ತು. ನನ್ನ ನಿಜ ಶಾಲೆಯಲ್ಲಿ ನನಗೊಬ್ಬಳಿಗೇ ನಷ್ಟ ಮಾಡಿತ್ತು. ಇಲ್ಲಿ ಅವನ ಮದುವೆಯನ್ನು ಹಾಳುಮಾಡಿತು.

ಜೂನ್ 25, ಮಂಗಳವಾರ

ಅರ್ಧ ನೂಲಲ್ಲ, ಕಾಲು ನೂಲು. ಅಳೆದೆ. ಬೆಳಿಗ್ಗೆ ಅಯ್ಯನ ಬೆಂಚಿನ ಮೇಲೆ ಅಪ್ಪಚ್ಚಿಯ ಸಣ್ಣ ಉಳಿ ಇತ್ತು, ಹೊಸದಾಗಿ ಮಸೆದದ್ದು. ಮರೆತು ಬಿಟ್ಟುಹೋಗಿರಬೇಕು. ಅದರಲ್ಲೇ ಸರಿಮಾಡಿದೆ. ಬಣ್ಣ ಮುಗಿಯುವಾಗ ಸಂಜೆಯಾಯಿತು.

ಜೂನ್ 27, ಗುರುವಾರ

ಅಪ್ಪಚ್ಚಿ ಇಲ್ಲದೆ ನಾವು ಮತ್ತೆ ಮೂವರು. ಎಡ್ವಿನ್ ಮಾಮ ಬರಲು ಒಪ್ಪಿ, ಈಗಿಂದಲೇ ಮಂಡಿ ಹಿಡಿದು ನರಳುತ್ತಿದ್ದರು. ಹುಡುಗನ ಅಪ್ಪ ಎಲ್ಲಿ ಎಂದು ಹುಡುಗಿಯ ಮನೆಯವರು ಕೇಳಿದರೆ ಏನು ಹೇಳುವುದು ಅನ್ನುವುದು ಅಯ್ಯನ ಚಿಂತೆ. ನನ್ನನ್ನು ಕೇಳಿದರೆ ನಾನೇನು ಹೇಳುತ್ತೇನೋ ಅನ್ನುವುದು ಎಲ್ಲರ ಚಿಂತೆ.

ಎರಡು ನಲವತ್ಮೂರಕ್ಕೆ ಚೀಲ ಹೊರಟಿತು. ಮುಂದೆ ನೀರಿನ ಚೊಂಬು ಹಿಡಿದ ಅಮ್ಮ, ಹಿಂದೆ ಚೀಲ ಹೊತ್ತ ಮಾಮ, ಅವರ ಮಂಡಿ. ಸೋಮಾವತಿ ಆಚ್ಚಿ ಚೀಲವನ್ನು ನೆಂಟರ ಹಾಗೆ ಒಳಗೆ ಕರೆದಳು.

ಸಂಜೆ ಅಪ್ಪಚ್ಚಿ ಸ್ನಾನ ಮಾಡಿ ಬಂದರು.

"ನನ್ನ ಬಿಳಿ ಸರಮ ಎಲ್ಲಿ? ಉಡೋಕೆ ಒಂದು ಪಂಚೆನೂ ಇಲ್ಲ."

"ಹೊರಟಿದೆ" ಅಂದಳು ಅಮ್ಮ.

"ಎಲ್ಲಿಗೆ?"

"ನುವರಕ್ಕೆ. ಎರಡು ನಲವತ್ಮೂರಕ್ಕೆ."

"ನಾನು ಬರಲ್ಲ ಅಂದೆನಲ್ಲ."

"ನೀವು ಅಂದ್ರಿ. ಸರಮ ಏನೂ ಅನ್ನಲಿಲ್ಲ."

"ಹೋಗಿ ತಗೊಂಡು ಬಾ."

"ಮುಹೂರ್ತಕ್ಕೆ ಹೊರಟ ಚೀಲ ವಾಪಸ್ ಹೊಸಿಲು ದಾಟಿದ್ರೆ ಏನಾಗುತ್ತೆ ಗೊತ್ತಲ್ಲ."

ಏನಾಗುತ್ತದೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಈವರೆಗೆ ಯಾರೂ ದಾಟಿಸಿ ನೋಡಿಲ್ಲ. ಅಪ್ಪಚ್ಚಿ ಒದ್ದೆ ಟವೆಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡರು. ಆಮೇಲೆ, "ಬೆಳಿಗ್ಗೆ ಎಷ್ಟಕ್ಕೆ ರೈಲು?" ಅಂದರು.

ಎಡ್ವಿನ್ ಮಾಮ ಮಂಡಿಯಿಂದ ಕೈ ತೆಗೆದರು.

ಜೂನ್ 28, ಶುಕ್ರವಾರ

ಕೊಳಂಬೊದ ಕೋಟೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿದೆವು. ರಂಬುಕ್ಕನ ದಾಟಿದ ಮೇಲೆ ರೈಲು ಬೆಟ್ಟ ಹತ್ತತೊಡಗಿತು. ಸೀಗಡಿ ವಡೆ ತಿಂದೆವು. ಅಪ್ಪಚ್ಚಿ ಕಾಗದ ಸುತ್ತಿದ ನವಿಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಮೇಲಿನ ಹಲಗೆಯಲ್ಲಿ ಜಾಗವಿತ್ತು. ಅಲ್ಲಿಡಿ ಎಂದು ಅಮ್ಮ ಎರಡು ಸಲ ಅಂದಳು. ಇಡಲಿಲ್ಲ. ಕಿಟಕಿಯ ಸೀಟು ನನಗೇ ಸಿಕ್ಕಿತ್ತು, ಆದರೆ ದಾರಿಯುದ್ದಕ್ಕೂ ಅವರ ಕೈ ನೋಡುತ್ತ ಬಂದೆ. ವಾಂತಿ ಬರಲಿಲ್ಲ.

ಜೂನ್ 29, ಶನಿವಾರ

ಬೆಳಿಗ್ಗೆ ದಂತಮಂದಿರ, ಆಮೇಲೆ ರುವಿನಿಯ ಮನೆ. ಗುಡ್ಡದ ಓರೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಹೋಗಬೇಕು. ವೀಳ್ಯದೆಲೆಯ ಕಟ್ಟು ಕೊಟ್ಟೆವು. ಮೇಜಿನ ಮೇಲೆ ಹಾಲನ್ನ, ಎಣ್ಣೆಯಲ್ಲಿ ಕರಿದ ಸಿಹಿ, ಬಾಳೆಹಣ್ಣು. ರುವಿನಿ ಟೀ ತಂದಳು. ಚೆನ್ನಾಗಿದ್ದಾಳೆ. ಅಯ್ಯ ಹೇಳಿದಷ್ಟಲ್ಲ, ಅಷ್ಟು ಯಾರೂ ಇರಲಾರರು.

ಅವಳ ಅಪ್ಪ ತಿಲಕರತ್ನ ಸಣ್ಣ ಮನುಷ್ಯ, ಮೆಲುದನಿ. ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಚಮಚದಷ್ಟು ಉದ್ದ. ಬಿಸಿ ಅರಗನ್ನು ನೂಲಿನ ಹಾಗೆ ಎಳೆದು ಆ ಉಗುರಿನಿಂದಲೇ ಕತ್ತರಿಸಿ ಕೋಲಿಗೆ ಕೂರಿಸುತ್ತಾರಂತೆ. ನವಿಲನ್ನು ಬಿಚ್ಚಿ ಅದೇ ಉಗುರಿನಿಂದ ಗರಿಗಳ ಅಂಚು ಸವರಿದರು. ಆಮೇಲೆ ಅದನ್ನು ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿದರು.

"ಮಗಳೇ, ನಿಮ್ಮನೇಲಿ ಸುಳ್ಳು ಬಾರದೆ ಇರೋಳು ನೀನೊಬ್ಳೇ ಅಂತ ರುವಿನಿ ಹೇಳ್ತಿದ್ಲು. ಅದಕ್ಕೆ ನಿನ್ನೇ ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿಮ್ಮಪ್ಪನಿಗೆ ಈ ಸಂಬಂಧ ಸಂತೋಷನಾ?"

ಅಮ್ಮನ ಲೋಟ ತಟ್ಟೆಗೆ ತಾಗಿತು. ಅಯ್ಯ ನೆಲ ನೋಡಿದ. ನಗು ಎಂದು ಅಮ್ಮ ಹೇಳಿಕೊಟ್ಟಿದ್ದಳು, ನಗು ಬರಲಿಲ್ಲ.

"ಸಂತೋಷ ಇಲ್ಲ" ಅಂದೆ.

ಶಾಲೆಯಲ್ಲಾದರೆ ನಾನು ಅಷ್ಟಕ್ಕೇ ನಿಲ್ಲಿಸುತ್ತಿದ್ದೆ, ಅದೂ ನಿಜವೇ. ಆದರೆ ಅಷ್ಟು ಅರ್ಧ ನಿಜ ಅನ್ನಿಸಿತು.

"ಸಂತೋಷ ಇಲ್ಲ. ಆದ್ರೂ ಬಂದಿದಾರೆ. ರೈಲಲ್ಲಿ ಈ ನವಿಲನ್ನ ಒಂದು ಸಲನೂ ತೊಡೆಯಿಂದ ಕೆಳಗಿಡಲಿಲ್ಲ."

ತಿಲಕರತ್ನ ಅಪ್ಪಚ್ಚಿಯನ್ನು ನೋಡಿದರು. ಅಪ್ಪಚ್ಚಿ ಕಿಟಕಿಯ ಹೊರಗೆ ನೋಡುತ್ತಿದ್ದರು.

"ನನ್ನ ಮಗಳನ್ನ ನಿಮ್ಮ ಸಮುದ್ರದ ದಡಕ್ಕೆ ಕೊಡಬೇಕಾಗಿ ಬಂದಿದ್ರೆ ನನಗೂ ಸಂತೋಷ ಇರ್ತಿರಲಿಲ್ಲ" ಅಂದರು ತಿಲಕರತ್ನ. "ಬರ್ತಿದ್ನೋ ಇಲ್ವೋ, ಅದೂ ಗೊತ್ತಿಲ್ಲ. ನೀವು ಬಂದ್ರಿ, ಅಣ್ಣ. ನನಗಿಂತ ದೊಡ್ಡೋರು."

ಅಪ್ಪಚ್ಚಿ ಟೀ ಎತ್ತಿ ಪೂರ್ತಿ ಕುಡಿದು ಲೋಟ ಕೆಳಗಿಟ್ಟರು.

"ಒಂದು ಮಾತು. ಇವನನ್ನ ಓಡಿಸೋ ದಿನ ಬಂದ್ರೆ ಬೆಳಿಗ್ಗೆನೇ ಓಡಿಸಿ. ಸಂಜೆ ಮೇಲೆ ಕೊಳಂಬೊದಿಂದ ನಮ್ಮ ಕಡೆಗೆ ರೈಲಲ್ಲಿ ಸೀಟು ಸಿಗಲ್ಲ."

ಮೊದಲು ನಕ್ಕವಳು ರುವಿನಿಯ ಅಮ್ಮ. ಆಮೇಲೆ ಯಾರು ನಕ್ಕರು, ಯಾರು ಅತ್ತರು ಎಂದು ಲೆಕ್ಕವಿಡಲಿಲ್ಲ. ಅಯ್ಯ ಅಪ್ಪಚ್ಚಿಯ ಕಾಲಿಗೆ ಬಿದ್ದು ಏಳಲೇ ಇಲ್ಲ. "ಏಳೋ, ಸರಮ ತುಳೀತಿದೀಯ" ಅಂದರು ಅಪ್ಪಚ್ಚಿ.

ಊಟದ ಮೇಲೆ ತಿಲಕರತ್ನ ಕೆಲಸದ ಕೋಣೆ ತೋರಿಸಿದರು. ಅರಗಿನ ನೂಲು ಎಳೆದು ನನ್ನ ಕೈಗೆ ಕೊಡುವಾಗ ಹೆಬ್ಬೆರಳ ಗಾಯ ಕಂಡರು. "ಉಳೀದು" ಅಂದರು. ಹೂಂ ಅಂದೆ. "ಮೊದಲನೇದಾ?" ಐದನೆಯದು ಅಂದೆ. ಕತ್ತಲಾಗುವವರೆಗೆ ಅಲ್ಲೇ ಇದ್ದೆ.

ಜುಲೈ 2, ಮಂಗಳವಾರ

ಭಾನುವಾರ ಬಂದೆವು. ಅಯ್ಯ ಇನ್ನೊಂದು ವಾರ ಅಲ್ಲೇ ಇರುತ್ತಾನೆ, ಅರಗು ಕೂರಿಸುವಾಗ ಕೋಲು ತಿರುಗಿಸುವುದನ್ನು ಕಲಿಯಲು. ಕೋಲು ಎಂದು ಅವನು ಹೇಳುತ್ತಾನೆ. ಮದುವೆ ಸೆಪ್ಟೆಂಬರಿನಲ್ಲಿ.

ಸೋಮಾವತಿ ಆಚ್ಚಿ ಬೇಲಿಯ ಆಚೆಯಿಂದ ಕೂಗಿದಳು.

"ಹೇಗಿತ್ತೇ ನುವರ? ಕೆರೆ ಸುತ್ತಿದ್ಯಾ?"

"ಇಲ್ಲ ಆಚ್ಚಿ."

"ಕುಣಿತ?"

"ನೋಡಲಿಲ್ಲ."

"ಮತ್ತೆ ಮೂರು ದಿನ ಏನು ಮಾಡಿದೆ ಹೋಗಿ?"

ಹೇಳಲು ಹೊರಟೆ. ಒಳಗಿಂದ ಅಪ್ಪಚ್ಚಿ ಕರೆದರು, ಹೊಸ ತುಂಡಿನ ಹಾಲು ಆರಿದೆ ಎಂದು. ಆಮೇಲೆ ಬರುತ್ತೇನೆ ಆಚ್ಚಿ ಎಂದು ಬಂದುಬಿಟ್ಟೆ.

ಈ ಊರಿನಲ್ಲಿ ಒಬ್ಬರಿಗೂ ತಲೆ ನೆಟ್ಟಗಿಲ್ಲ. ಮುಂದಿನ ವರ್ಷವಾದರೂ ಇಲ್ಲಿಂದ ಎಲ್ಲಿಗಾದರೂ ಹೋಗಲೇಬೇಕು. ಇವತ್ತು ಬೆಳಿಗ್ಗೆಯಿಂದ ಅಯ್ಯನ ಜಾಗದಲ್ಲಿ ಕೂತು ಕೆತ್ತಿದೆ. ಅಲ್ಲಿ ಬೆಳಕು ಚೆನ್ನಾಗಿದೆ, ಅಷ್ಟೇ.